ಓದದೆ ಉಳಿದ ಕಾಗದ

1

ದಲಿತ ವಿಮರ್ಶೆಯ ಮಾತು ಬಂದಾಗಲೆಲ್ಲ ನಾವು ಎರಡು ಪ್ರಶ್ನೆಗಳ ಸುತ್ತಲೇ ಗಿರಕಿ ಹೊಡೆಯುತ್ತೇವೆ. ಯಾರು ಬರೆಯಬೇಕು ಎನ್ನುವುದು ಒಂದು, ಹೇಗೆ ಬರೆಯಬೇಕು ಎನ್ನುವುದು ಇನ್ನೊಂದು. ಅನುಭವ ಉಂಡವನೇ ಬರೆಯಬೇಕು ಅಂತ ಒಂದು ಗುಂಪು, ಸಹಾನುಭೂತಿ ಇದ್ದರೆ ಸಾಕು ಅಂತ ಮತ್ತೊಂದು ಗುಂಪು. ಬರೆದದ್ದರಲ್ಲಿ ಸಿಟ್ಟಿದೆ, ಕಲೆ ಇಲ್ಲ ಎಂದು ಮೇಷ್ಟರು. ನಿಮ್ಮ ಕಲೆ ಯಾರಿಗೆ ಬೇಕು ಎಂದು ನಮ್ಮ ಹುಡುಗರು. ಈ ಜಗ್ಗಾಟದಲ್ಲಿ ಮೂರನೆಯ ಪ್ರಶ್ನೆಯೊಂದು ಮೂಲೆಗೆ ಬಿದ್ದಿದೆ. ಸೋತವನು ಬರೆದದ್ದನ್ನು ಓದುವವರು ಯಾರು? ಓದಿದರೂ ಏನೆಂದು ಓದುತ್ತಾರೆ? ಬರೆದವನು ನಮ್ಮವನೇ ಆಗಿದ್ದರೆ ನಾವು ಅವನನ್ನು ಹೇಗೆ ಓದುತ್ತೇವೆ?

ಈ ಪ್ರಶ್ನೆ ಹಿಡಿದುಕೊಂಡು ನಾನು ದಕ್ಷಿಣ ಅಮೆರಿಕದ ಪೆರುವಿನ ಒಂದು ಹಸ್ತಪ್ರತಿಯ ಹತ್ತಿರ ಹೋಗುತ್ತಿದ್ದೇನೆ. ಅಷ್ಟು ದೂರ ಯಾಕೆ ಅಂತ ಕೇಳಬಹುದು. ನಮಗೆ ಅಮೆರಿಕ ಹೊಸದೇನಲ್ಲ. 1873ರಲ್ಲಿ ಜೋತಿಬಾ ಫುಲೆಯವರು 'ಗುಲಾಮಗಿರಿ'ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ ಅರ್ಪಿಸಿದರು. 1972ರಲ್ಲಿ ಮುಂಬಯಿಯ ತರುಣರು ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ತಗೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಆಮೇಲೂ ನಮ್ಮ ವಿಮರ್ಶೆ ಅಮೆರಿಕಕ್ಕೆ ಹೋದಾಗಲೆಲ್ಲ ಹೆಚ್ಚಾಗಿ ಕಪ್ಪು ಜನರ ಮನೆಗೆ ಹೋಗಿ, ಅವರ ಕಾವ್ಯ ಕೇಳಿಸಿಕೊಂಡು, ಎದೆ ತುಂಬಿಕೊಂಡು ವಾಪಸು ಬಂದಿದೆ. ಹೋಗಬೇಕಾದ್ದೇ. ಆದರೆ ಆ ಕಪ್ಪು ಜನರನ್ನು ಹಡಗಲ್ಲಿ ತುಂಬಿ ತಂದು ದುಡಿಸಿದ ನೆಲ ಮೊದಲು ಯಾರದಾಗಿತ್ತು? ಆ ನೆಲದ ಜನ ಏನಾದರು, ಏನು ಹೇಳಿದರು? ಅವರು ನೂರಾರು ತಲೆಮಾರು ಹಸನು ಮಾಡಿದ ಮೆಣಸಿನಕಾಯಿ, ಆಲೂಗಡ್ಡೆ ಯಾವತ್ತೋ ನಮ್ಮ ಅಡುಗೆಮನೆಗೆ ಬಂದವು. ಅವರ ಬರಹ ಅಷ್ಟು ಬೇಗ ಬರಲಿಲ್ಲ.

ಇನ್ನೊಂದು ನಂಟು ಪದದ್ದು. ತಳಿ, ಕುಲ ಎಂಬ ಅರ್ಥದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ನವರು ಬಳಸುತ್ತಿದ್ದ ಪದ 'ಕಾಸ್ತಾ'. 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸರು ಇಲ್ಲಿನ ಜಾತಿಗಳಿಗೆ ಅದೇ ಪದ ಅಂಟಿಸಿದರು. ಇಂಗ್ಲಿಷಿನ 'ಕಾಸ್ಟ್' ಬಂದದ್ದು ಹಾಗೆ. ಸಮುದ್ರದ ಆಚೆ ದಡದಲ್ಲಿ ಸ್ಪೇನಿನವರು ಬಿಳಿಯ, ಇಂಡಿಯನ್, ಆಫ್ರಿಕನ್ ರಕ್ತ ಬೆರೆತು ಹುಟ್ಟಿದ ಮಕ್ಕಳನ್ನು ವಿಂಗಡಿಸೋದಕ್ಕೆ ಅದೇ ಪದವನ್ನು ಹಿಡಿದರು. 18ನೇ ಶತಮಾನದ ಮೆಕ್ಸಿಕೋದಲ್ಲಿ ಇದನ್ನು ಚಿತ್ರ ಮಾಡಿಸಿ ಗೋಡೆಗೆ ನೇತು ಹಾಕುತ್ತಿದ್ದರು. ಸಾಮಾನ್ಯವಾಗಿ 16 ಚಿತ್ರಗಳ ಸಾಲು. ಪ್ರತಿಯೊಂದರಲ್ಲೂ ಅಪ್ಪ, ಅವ್ವ, ಮಗು, ಜೊತೆಗೆ ಆ ಮಗುವಿನ 'ಕಾಸ್ತಾ'ದ ಹೆಸರು. ಅಂಬೇಡ್ಕರ್ 1916ರಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದ್ದು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ; ಆ ಹೆಸರಿನೊಳಗೇ ಕೊಲಂಬಸ್ ಕೂತಿದ್ದಾನೆ.

ಇದರಿಂದ ಅಲ್ಲಿನದೂ ಇಲ್ಲಿನದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ದಂಡೆತ್ತಿ ಬಂದವರು ಹೊರಗಿನವರು. ಬಂದ ದಿನಕ್ಕೆ ತಾರೀಖು ಇದೆ. ಇಲ್ಲಿ ಊರು ಮತ್ತು ಕೇರಿ ಒಂದೇ ಭಾಷೆ ಆಡುತ್ತವೆ, ನಡುವಿನ ಗೆರೆಗೆ ಶಾಸ್ತ್ರದ ರುಜು ಇದೆ. ವ್ಯತ್ಯಾಸ ಇಟ್ಟುಕೊಂಡೇ ಓದೋಣ.

2

1532ರ ನವೆಂಬರ್ 16. ಕಹಮಾರ್ಕಾ ಎಂಬ ಊರಿನ ಬಯಲು. ಫ್ರಾನ್ಸಿಸ್ಕೊ ಪಿಸಾರೊನ ಜೊತೆ ಇದ್ದವರು ಇನ್ನೂರಕ್ಕೂ ಕಡಿಮೆ ಜನ. ಎದುರಿಗೆ ಇಂಕಾ ದೊರೆ ಅತಾವಾಲ್ಪ, ಅವನ ಪರಿವಾರ. ಮೊದಲು ಮುಂದೆ ಬಂದವನು ಸೈನಿಕನಲ್ಲ, ವಿಸೆಂಟೆ ದೆ ವಾಲ್ವೆರ್ದೆ ಎಂಬ ಪಾದ್ರಿ. ಕೈಯಲ್ಲಿ ಪುಸ್ತಕ. ದೇವರೊಬ್ಬ, ಪೋಪ್ ಒಬ್ಬ, ನಮ್ಮ ರಾಜನಿಗೆ ಶರಣಾಗು ಎಂಬ ಸಂದೇಶ. ಇಂಕಾ ಪುಸ್ತಕ ತೆಗೆದುಕೊಂಡ, ನೋಡಿದ, ನೆಲಕ್ಕೆ ಎಸೆದ. ಇದು ತನ್ನ ಜೊತೆ ಮಾತೇ ಆಡುವುದಿಲ್ಲವಲ್ಲ ಎಂದನಂತೆ. ಆ ಪುಸ್ತಕ ಬೈಬಲ್ಲೋ ಪ್ರಾರ್ಥನಾ ಪುಸ್ತಕವೋ ಎಂಬುದರಲ್ಲಿ ಬರೆದಿಟ್ಟವರಿಗೆ ಒಮ್ಮತವಿಲ್ಲ. ಪುಸ್ತಕ ನೆಲಕ್ಕೆ ಬಿದ್ದದ್ದೇ ನೆಪ, ತೋಪು ಹಾರಿತು. ಸಾವಿರಾರು ಜನ ಸತ್ತರು. ಕೋಣೆ ತುಂಬ ಚಿನ್ನ ಕೊಟ್ಟರೂ ಮುಂದಿನ ವರ್ಷ ಅತಾವಾಲ್ಪನನ್ನು ಕುತ್ತಿಗೆ ಬಿಗಿದು ಕೊಂದರು.

ಇದಕ್ಕೆ ಮುಂಚೆ 1513ರಲ್ಲೇ ಸ್ಪೇನಿನ ಅರಮನೆ ಒಂದು ಒಕ್ಕಣೆ ತಯಾರು ಮಾಡಿ ಕೊಟ್ಟಿತ್ತು. ಊರಿನ ಮೇಲೆ ಬೀಳುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಒಪ್ಪದಿದ್ದರೆ ಮುಂದಿನ ಕೊಲೆ, ಸೆರೆ, ಲೂಟಿ ಎಲ್ಲ ಒಪ್ಪದವರ ತಪ್ಪು. ಓದುತ್ತಿದ್ದದ್ದು ಸ್ಪ್ಯಾನಿಷಿನಲ್ಲಿ. ಕೇಳುವವರಿಗೆ ಒಂದಕ್ಷರ ತಿಳಿಯದು. ಕೆಲವು ಸಲ ಕೇಳುವವರೇ ಅಲ್ಲಿರಲಿಲ್ಲ.

ನಮ್ಮ ಜನಕ್ಕೆ ಪುಸ್ತಕದ ಈ ಕತೆ ತಿರುವುಮುರುವಾಗಿ ಗೊತ್ತು. ಅಲ್ಲಿ ಗ್ರಂಥಕ್ಕೆ ಕಿವಿ ಕೊಡಲಿಲ್ಲವೆಂದು ಕೊಂದರು. ಇಲ್ಲಿ ಗ್ರಂಥ ಕಿವಿಗೆ ಬಿದ್ದರೆ ಕಾದ ಲೋಹ ಹೊಯ್ಯಿರಿ ಎಂದು ಧರ್ಮಸೂತ್ರದಲ್ಲಿ ಬರೆದಿಟ್ಟರು. ಎರಡೂ ಕಡೆ ಪುಸ್ತಕ ಯಜಮಾನನ ಕೈಯಲ್ಲೇ ಇತ್ತು.

3

ಕಹಮಾರ್ಕಾದ ಆ ದಿನ ಕಳೆದು 80 ವರ್ಷದ ಮೇಲಾಗಿತ್ತು. ಆಗ ಅದೇ ಬೆಟ್ಟಗಳ ಒಬ್ಬ ಮುದುಕ ಸ್ಪೇನಿನ ರಾಜ ಮೂರನೇ ಫಿಲಿಪ್‌ಗೆ ಒಂದು ಕಾಗದ ಬರೆದ. 1615ರ ಹೊತ್ತಿಗೆ ಮುಗಿದ ಆ ಕಾಗದ ಸುಮಾರು 1200 ಪುಟದ್ದು, ಅದರಲ್ಲಿ ಪುಟ ತುಂಬುವ ಚಿತ್ರಗಳೇ 398. ಹೆಸರು ಫೆಲಿಪೆ ಗುವಾಮನ್ ಪೋಮ ದೆ ಅಯಾಲ. ಕೆಚುವಾ ಭಾಷೆಯಲ್ಲಿ ಗುವಾಮನ್ ಎಂದರೆ ಗಿಡುಗ, ಪೋಮ ಎಂದರೆ ಆ ಬೆಟ್ಟಗಳ ದೊಡ್ಡ ಬೆಕ್ಕು ಪೂಮಾ. ಗ್ರಂಥದ ಹೆಸರಿನ ಅರ್ಥ ಹೊಸ ಚರಿತ್ರೆ ಮತ್ತು ಒಳ್ಳೆಯ ಆಡಳಿತ.

ಇವನು ಊರೂರು ತಿರುಗಿದವನು. 1560ರ ದಶಕದಲ್ಲಿ ಆಂಡೀಸ್ ಜನ ಕ್ರೈಸ್ತ ದೇವರನ್ನು ಬಿಟ್ಟು ತಮ್ಮ ಹಳೆಯ ದೈವಗಳು ಮೈಮೇಲೆ ಬರುತ್ತವೆಂದು ಕುಣಿದಾಗ, ಆ ಚಳವಳಿಯನ್ನು ಹತ್ತಿಕ್ಕಿದ ಕ್ರಿಸ್ತೋಬಾಲ್ ದೆ ಅಲ್ಬೋರ್ನೋಸ್ ಎಂಬ ಪಾದ್ರಿಯ ಕೈಕೆಳಗೆ ಕೆಲಸ ಮಾಡಿದ್ದ. ಮಾರ್ತೀನ್ ದೆ ಮುರೂವಾ ಎಂಬ ಇನ್ನೊಬ್ಬ ಪಾದ್ರಿಯ ಇಂಕಾ ಚರಿತ್ರೆಗೆ ಚಿತ್ರ ಬರೆದುಕೊಟ್ಟಿದ್ದ. ವಾಮಾಂಗಾ ಪಟ್ಟಣದ ಹತ್ತಿರದ ನೆಲ ತನ್ನ ಮನೆತನದ್ದು ಎಂದು ಕೋರ್ಟು ಹತ್ತಿದ್ದ. 1600ರಲ್ಲಿ ತೀರ್ಪು ಬಂತು: ಇವನು ಕುಲೀನನೇ ಅಲ್ಲ, ಸುಳ್ಳು ಹೇಳಿಕೊಂಡು ತಿರುಗುವವನು, 200 ಛಡಿ ಏಟು, ಎರಡು ವರ್ಷ ಗಡಿಪಾರು. ನೆಲ ಕೇಳಲು ಹೋದವನ ಕುಲ ಕೆದಕುವ ರೂಢಿ ನಮಗೂ ಹೊಸದಲ್ಲ. ಗ್ರಂಥ ಅದರ ನಂತರದ ವರ್ಷಗಳಲ್ಲಿ ಬೆಳೆಯಿತು. ಆ ತೀರ್ಪಿನ ಮಾತು ಗ್ರಂಥದಲ್ಲಿ ನೇರವಾಗಿ ಎಲ್ಲೂ ಇಲ್ಲ. ಅದರ ಉರಿ ಪುಟಪುಟದಲ್ಲೂ ಇದೆ.

ಅವನ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರು. ಒಂದರಲ್ಲಿ ಇಂಕಾ ದೊರೆ ಬಂದಿಳಿದ ಸ್ಪೇನಿನವನನ್ನು ಚಿನ್ನ ತೋರಿಸಿ ಇದನ್ನೇ ತಿನ್ನುತ್ತೀಯಾ ಎಂದು ಕೆಚುವಾದಲ್ಲಿ ಕೇಳುತ್ತಾನೆ. ಅವನು ಹೌದು ತಿನ್ನುತ್ತೇವೆ ಎಂದು ಸ್ಪ್ಯಾನಿಷಿನಲ್ಲಿ ಹೇಳುತ್ತಾನೆ. ಇನ್ನೊಂದರಲ್ಲಿ, ತಾನು ಯಾರಿಗೆ ಚಿತ್ರ ಬರೆದುಕೊಟ್ಟಿದ್ದನೋ ಅದೇ ಮುರೂವಾ, ಮಗ್ಗದ ಮುಂದೆ ಕೂತ ಹೆಣ್ಣುಮಗಳನ್ನು ಹೊಡೆಯುತ್ತಿದ್ದಾನೆ. ಮೂರನೆಯದರಲ್ಲಿ ಒಬ್ಬ ಬಡ ಇಂಡಿಯನ್ ಮಂಡಿಯೂರಿ ಕೂತಿದ್ದಾನೆ, ಸುತ್ತ ಆರು ಪ್ರಾಣಿ. ಜಿಲ್ಲೆಯ ಅಧಿಕಾರಿ ಸರ್ಪ. ದಾರಿಯ ಛತ್ರಗಳಲ್ಲಿ ತಂಗುವ ಸ್ಪೇನಿನವರು ಹುಲಿ. ಇಂಡಿಯನ್ನರ ದುಡಿಮೆಯನ್ನು ಹಂಚಿಸಿಕೊಂಡ ಜಹಗೀರುದಾರ ಸಿಂಹ. ಪಾದ್ರಿ ನರಿ. ದಸ್ತಾವೇಜು ಬರೆಯುವ ಗುಮಾಸ್ತ ಬೆಕ್ಕು. ಆರನೆಯದು ಇಲಿ. ಅದು ಅವರದೇ ಜನದ ನಾಯಕ, ಒಳಗೇ ಇದ್ದು ರಾತ್ರಿ ಹಗಲು ಕೊರೆಯುವವನು.

ಹುಲಿ ಸಿಂಹ ಬರೆಯುವುದು ಸುಲಭ. ಆ ಇಲಿಯನ್ನು ಬರೆಯುವುದು ಕಷ್ಟ. ನಮ್ಮ ಸಂಘಟನೆಗಳ ಕತೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರೀ ದೂರಿನ ಪಟ್ಟಿಯೂ ಅಲ್ಲ. ಪೋಮ ಒಂದು ಕಡೆ ರಾಜ ಪ್ರಶ್ನೆ ಕೇಳುವ ಹಾಗೆ, ತಾನು ಉತ್ತರ ಕೊಡುವ ಹಾಗೆ ಸಂಭಾಷಣೆ ಬರೆದಿದ್ದಾನೆ. ಅವನು ರಾಜನನ್ನು ಕಂಡವನೇ ಅಲ್ಲ. ಚಿತ್ರದಲ್ಲಿ ಮಾತ್ರ ರಾಜ ಸಿಂಹಾಸನದ ಮೇಲೆ ಕೂತು ಕೇಳುತ್ತಾನೆ, ಇವನು ಎದುರಿಗೆ ಪುಸ್ತಕ ಹಿಡಿದು ಪಾಠ ಹೇಳುತ್ತಾನೆ. ಈ ನೆಲದ ಒಡೆಯರು ನಾವು, ಸ್ಪೇನಿನವರು ಇಲ್ಲಿಗೆ ವಲಸೆ ಬಂದವರು ಎಂಬ ವಾದವನ್ನು ಅರ್ಜಿಯ ಒಕ್ಕಣೆಯೊಳಗೇ ತೂರಿಸುತ್ತಾನೆ. ಅವನು ಬರೆದ ಭೂಪಟದ ನಡುವೆ ಇರುವುದು ಇಂಕಾಗಳ ಕುಸ್ಕೊ. ಅರ್ಜಿ ಎಂಬುದು ತಲೆ ಬಗ್ಗಿಸಿ ಬರೆಯುವ ಪ್ರಕಾರ. ತಲೆ ಬಗ್ಗಿಸಿಕೊಂಡೇ ಎದುರಿನವನ ಕುರ್ಚಿಯ ಕೆಳಗಿನ ನೆಲ ಯಾರದು ಅಂತ ಕೇಳಿದ್ದು ಇವನ ಕಸುಬು.

4

ಕಾಗದ ಏನಾಯಿತು? ರಾಜ ಅದನ್ನು ಓದಿದ ಎನ್ನುವುದಕ್ಕೆ ಒಂದು ಗುರುತೂ ಸಿಕ್ಕಿಲ್ಲ. ಅದು ಹೇಗೋ ಡೆನ್ಮಾರ್ಕಿಗೆ ಹೋಗಿ ಕೋಪನ್‌ಹೇಗನ್‌ನ ರಾಜಗ್ರಂಥಾಲಯದಲ್ಲಿ ಬಿದ್ದಿತ್ತು. 1908ರಲ್ಲಿ ರಿಚರ್ಡ್ ಪೀಚ್‌ಮನ್ ಎಂಬ ಜರ್ಮನ್ ವಿದ್ವಾಂಸನ ಕಣ್ಣಿಗೆ ಬಿತ್ತು. ಅದರ ಪಡಿಯಚ್ಚು ಪ್ಯಾರಿಸ್ಸಿನಲ್ಲಿ ಹೊರಬಂದದ್ದು 1936ರಲ್ಲಿ. ಬರೆದು 300 ವರ್ಷ ದಾಟಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡೋಣ. ಬಾರ್ತೊಲೋಮೆ ದೆ ಲಾಸ್ ಕಾಸಾಸ್ ಎಂಬ ಸ್ಪೇನಿನ ಪಾದ್ರಿ, ಇಂಡಿಯನ್ನರ ಮೇಲಿನ ಹಿಂಸೆಯನ್ನು ಖಂಡಿಸಿ ಬರೆದ ಸಣ್ಣ ಪುಸ್ತಕ 1552ರಲ್ಲಿ ಅಚ್ಚಾಯಿತು. 1578ಕ್ಕೆ ಡಚ್, 1579ಕ್ಕೆ ಫ್ರೆಂಚ್, 1583ಕ್ಕೆ ಇಂಗ್ಲಿಷ್ ಅನುವಾದ ಬಂತು. ಲಾಸ್ ಕಾಸಾಸ್ ದೊಡ್ಡ ಮನುಷ್ಯ. ತನ್ನ ಪಾಲಿಗೆ ಬಂದಿದ್ದ ಇಂಡಿಯನ್ ಆಳುಗಳನ್ನು 1514ರಲ್ಲಿ ಬಿಟ್ಟುಕೊಟ್ಟವನು. 1550-51ರಲ್ಲಿ ವಯ್ಯಾದೊಲಿದ್ ಪಟ್ಟಣದ ವಾದದಲ್ಲಿ, ಇವರು ಹುಟ್ಟಾ ಗುಲಾಮರು ಎಂದ ಸೆಪುಲ್ವೇದನನ್ನು ಎದುರಿಸಿದವನು. ಪೋಮ ಕೂಡ ಅವನ ವಾದಗಳನ್ನು ಬಳಸಿಕೊಂಡಿದ್ದಾನೆ. ಇದನ್ನು ಮರೆತು ಸಹಾನುಭೂತಿಯನ್ನು ಹೀಗಳೆಯುವುದು ಸಣ್ಣತನ.

ಆದರೂ ಎರಡು ಮಾತು ಹೇಳಲೇಬೇಕು. ಇಂಡಿಯನ್ನರ ಬೆನ್ನು ಉಳಿಸಲು 1516ರಲ್ಲಿ ಇದೇ ಲಾಸ್ ಕಾಸಾಸ್ ಗುಲಾಮರನ್ನು ತರಿಸಿ ಎಂದು ಸಲಹೆ ಕೊಟ್ಟ. ಆಫ್ರಿಕನ್ನರನ್ನು ತರುವುದಕ್ಕೆ ಅವನ ಒಪ್ಪಿಗೆಯಿತ್ತು. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟದ್ದೂ ನಿಜ. ಒಬ್ಬರ ನೋವಿಗೆ ಮಿಡಿದ ಕರುಣೆ ಇನ್ನೊಬ್ಬರ ಬೆನ್ನಿಗೆ ಹೊರೆ ಹೊರಿಸಬಲ್ಲದು. ಎರಡನೆಯದು, ಅವನ ಪುಸ್ತಕವನ್ನು ಡಚ್ಚರು, ಇಂಗ್ಲಿಷರು ಅಷ್ಟು ಆಸೆಯಿಂದ ಓದಿದ್ದು ಇಂಡಿಯನ್ನರ ಮೇಲಿನ ಪ್ರೀತಿಯಿಂದಲ್ಲ. ಅವರಿಗೆ ಸ್ಪೇನಿನ ಜೊತೆ ಜಗಳವಿತ್ತು, ಅದಕ್ಕೆ ಆಯುಧ ಬೇಕಿತ್ತು. 1607ರಲ್ಲಿ ವರ್ಜೀನಿಯಾದಲ್ಲಿ ಬೇರೂರಿದ ಅದೇ ಇಂಗ್ಲಿಷರು ಇಂಡಿಯನ್ನರನ್ನು ಬಾಳಿಸಲಿಲ್ಲ. ಯಜಮಾನರು ತಮ್ಮತಮ್ಮಲ್ಲೇ ಜಗಳವಾಡುವಾಗ ನಮ್ಮ ನೋವು ಬಹಳ ಬೇಗ ಅನುವಾದವಾಗುತ್ತದೆ. ನಮ್ಮ ವಾದ ಅನುವಾದವಾಗುವುದಿಲ್ಲ.

5

ಸಿಕ್ಕಿದ ಮೇಲಾದರೂ ಪೋಮನನ್ನು ಹೇಗೆ ಓದಿದರು? ಪೆರುವಿನ ಹೆಸರಾಂತ ಇತಿಹಾಸಕಾರ ರೌಲ್ ಪೊರ್ರಾಸ್ ಬರೆನೆಚಿಯಾ 1940ರ ದಶಕದಲ್ಲಿ, ಇದು ಬುದ್ಧಿಯ ಗೋಜಲು ಎಂಬ ಅರ್ಥದ ಮಾತು ಬರೆದ. ವ್ಯಾಕರಣ ಇಲ್ಲ, ಸ್ಪ್ಯಾನಿಷಿನೊಳಗೆ ಕೆಚುವಾ ನುಗ್ಗುತ್ತದೆ, ಹೇಳಿದ್ದನ್ನೇ ಹೇಳುತ್ತಾನೆ ಎಂಬ ಆಕ್ಷೇಪಗಳು ಬಹಳ ಕಾಲ ಬೆನ್ನು ಬಿಡಲಿಲ್ಲ. ಈ ರಾಗ ನಮಗೆ ಪರಿಚಯದ್ದೇ. ಒಂದು ವಿಚಾರಸಂಕಿರಣದಲ್ಲಿ ಹಿರಿಯ ಮೇಷ್ಟರೊಬ್ಬರು ಹೊಸ ಹುಡುಗನ ಆತ್ಮಕತೆ ಕೈಯಲ್ಲಿ ಹಿಡಿದು ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಎಣಿಸಿದ್ದನ್ನು ನಾನು ಎದುರಿಗೇ ಕೂತು ನೋಡಿದ್ದೇನೆ. ಅವನ ಅವ್ವ ಸತ್ತ ಪುಟದಲ್ಲೂ ಎಣಿಸಿದರು. ಹುಡುಗ ಆಮೇಲೆ ಬರೆಯಲಿಲ್ಲ.

ಪೋಮನ ಓದು ಬದಲಾದದ್ದು ಓದುವವರು ಕಲಿತ ಮೇಲೆ. 1980ರಲ್ಲಿ ಜಾನ್ ಮುರಾ, ರೊಲೆನಾ ಅಡೋರ್ನೊ ಅವರು ಕೆಚುವಾ ಬಲ್ಲ ಹೋರ್ಹೆ ಉರಿಯೋಸ್ತೆ ಅವರನ್ನು ಜೊತೆಗಿಟ್ಟುಕೊಂಡು ಗ್ರಂಥವನ್ನು ಸಂಪಾದಿಸಿದರು. 1986ರಲ್ಲಿ ಅಡೋರ್ನೊ ಬರೆದ ಪುಸ್ತಕ ಇವನನ್ನು ಪ್ರತಿರೋಧದ ಬರಹಗಾರನಾಗಿ ಓದಿ ತೋರಿಸಿತು. ಚಿತ್ರದಲ್ಲಿ ಯಾರನ್ನು ಮೇಲೆ ಇಟ್ಟ, ಯಾರನ್ನು ಕೆಳಗೆ ಇಟ್ಟ, ಎಡಕ್ಕೆ ಯಾರು ಬಲಕ್ಕೆ ಯಾರು ಎಂಬುದಕ್ಕೆಲ್ಲ ಆಂಡೀಸ್ ಜನರ ಲೆಕ್ಕವಿದೆ, ಅದು ಕೈತಪ್ಪಲ್ಲ ಎಂದು ಗೊತ್ತಾಯಿತು. 2001ರಲ್ಲಿ ಕೋಪನ್‌ಹೇಗನ್‌ನ ಗ್ರಂಥಾಲಯ ಇಡೀ ಹಸ್ತಪ್ರತಿಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿತು. ಗ್ರಂಥ ಒಂದಕ್ಷರವೂ ಬದಲಾಗಿರಲಿಲ್ಲ. ಗೋಜಲು ಇದ್ದದ್ದು ಓದುವವರ ತಲೆಯಲ್ಲಿ.

6

ಇಲ್ಲಿಗೇ ನಿಲ್ಲಿಸಿದರೆ ನಮಗೆ ಒಬ್ಬ ವೀರ ಸಿಕ್ಕ ಹಾಗಾಯಿತು, ಫೋಟೋಗೆ ಹಾರ ಹಾಕಬಹುದು. ಆದರೆ ಗ್ರಂಥ ಹಾಗೆ ಬಿಡುವುದಿಲ್ಲ.

ಪೋಮ ಕುಲೀನತನವನ್ನು ಬಿಡಲೊಲ್ಲ. ತಾನು ರಾಜವಂಶದವನು ಎಂದು ಮತ್ತೆ ಮತ್ತೆ ಹೇಳುತ್ತಾನೆ, ಇಂಡೀಸ್ ರಾಜ್ಯಕ್ಕೆ ತನ್ನ ಮಗನನ್ನೇ ರಾಜಕುಮಾರನೆಂದು ಸೂಚಿಸುತ್ತಾನೆ. ಕುಲವಿಲ್ಲದ ಇಂಡಿಯನ್ನರು ನಾಯಕರಾಗುತ್ತಿದ್ದಾರೆ, ಲೋಕ ತಲೆಕೆಳಗಾಯಿತು ಎಂದು ಗೋಳಾಡುತ್ತಾನೆ. ಬೆರಕೆ ರಕ್ತದ ಮಕ್ಕಳನ್ನು ಕಂಡರೆ ಆಗದು. ಆಫ್ರಿಕಾದಿಂದ ಹೊಸದಾಗಿ ತಂದ ಗುಲಾಮರ ಮೇಲೆ ಕರುಣೆ, ಪೆರುವಿನಲ್ಲೇ ಹುಟ್ಟಿ ಬೆಳೆದ ಕಪ್ಪು ಜನರ ಮೇಲೆ ತಾತ್ಸಾರ. ಹಳೆಯ ದೈವಗಳನ್ನು ಹುಡುಕಿ ಸುಟ್ಟ ಅಲ್ಬೋರ್ನೋಸನನ್ನು ಹೊಗಳುತ್ತಾನೆ. ಆದರೆ ತನಗೆ ಅಕ್ಷರ ಕಲಿಸಿದವನು ಬೆರಕೆ ರಕ್ತದ ಅಣ್ಣ, ಪಾದ್ರಿ ಮಾರ್ತೀನ್ ದೆ ಅಯಾಲ ಎಂದು ಅವನೇ ಬರೆದಿದ್ದಾನೆ. ಅಯಾಲ ಎಂಬ ಹೆಸರು ಬಂದದ್ದೂ ಆ ಕಡೆಯಿಂದಲೇ.

ಯಾಕೆ ಹೀಗೆ? ಕಾರಣವಿಲ್ಲದೆ ಅಲ್ಲ. ನೋಬಲ್ ಡೇವಿಡ್ ಕುಕ್ ಎಂಬ ಇತಿಹಾಸಕಾರನ ಅಂದಾಜಿನಂತೆ 1520ರಲ್ಲಿ ಪೆರುವಿನಲ್ಲಿ ಸುಮಾರು 90 ಲಕ್ಷ ಮೂಲನಿವಾಸಿಗಳಿದ್ದರು, 1620ರ ಹೊತ್ತಿಗೆ ಉಳಿದದ್ದು ಸುಮಾರು 6 ಲಕ್ಷ. ಸಿಡುಬು, ದಡಾರದಂಥ ಹೊಸ ರೋಗಗಳು, ಯುದ್ಧ, ಹಸಿವು. 1573ರಿಂದ ಪೊತೊಸಿಯ ಬೆಳ್ಳಿ ಗಣಿಗೆ 16 ಪ್ರಾಂತ್ಯಗಳ ಗಂಡಾಳುಗಳಲ್ಲಿ ಏಳರಲ್ಲಿ ಒಂದು ಪಾಲು ವರ್ಷವರ್ಷವೂ ಬಿಟ್ಟಿ ಸರದಿಗೆ ಹೋಗಬೇಕಿತ್ತು, ಸುಮಾರು 13,500 ಜನ. ಕಣ್ಣೆದುರೇ ತನ್ನ ಜನ ಕರಗುತ್ತಿರುವಾಗ ಬೆರೆಯಬೇಡಿ, ಬೇರೆಯಾಗೇ ಉಳಿಯಿರಿ ಅನ್ನೋದು ಅವನಿಗೆ ಜೀವ ಉಳಿಸುವ ಮಾತಾಗಿ ಕಂಡಿರಬೇಕು. ಅರ್ಥವಾಗುತ್ತದೆ. ಆದರೆ ಅರ್ಥವಾದದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಕಾಸ್ತಾ ಎಂಬ ಏಣಿಯನ್ನು ತಂದವನು ಸ್ಪೇನಿನವನು. ಆ ಏಣಿಯಲ್ಲಿ ತನ್ನ ಮೆಟ್ಟಿಲು ಎಷ್ಟನೆಯದು ಎಂದು ವಾದಿಸುತ್ತ ಪೋಮ ಏಣಿಯನ್ನೇ ಒಪ್ಪಿಕೊಂಡ.

ಜಾತಿಯನ್ನು ಏಣಿಯಂಥ ಅಸಮಾನತೆ ಎಂದು ಅಂಬೇಡ್ಕರ್ ನಮಗೆ ಹೇಳಿಕೊಟ್ಟಿದ್ದಾರೆ. ಪ್ರತಿಯೊಬ್ಬನಿಗೂ ತನಗಿಂತ ಕೆಳಗೆ ಒಬ್ಬ ಸಿಗುವುದೇ ಅದರ ಬಲ. ನಮ್ಮ ಬರಹಗಳಲ್ಲಿ ಎಡ ಬಲದ ಮಾತು ಬಂದಾಗ, ಅಲೆಮಾರಿಗಳ ಮಾತು ಬಂದಾಗ, ನಮ್ಮ ಮನೆಯ ಹೆಣ್ಣುಮಕ್ಕಳ ಮಾತು ಬಂದಾಗ ನಾವು ಯಾವ ಮೆಟ್ಟಿಲ ಮೇಲೆ ನಿಂತು ಬರೆಯುತ್ತೇವೆ? ಹೊರಗಿನವರು ಕೇಳಿದರೆ ಒಡಕಿಗೆ ಕೇಳುತ್ತಾರೆ ಎನ್ನಬಹುದು. ಒಳಗಿನವರೂ ಕೇಳಬೇಡವಾ? ನಮ್ಮವನ ಬರಹಕ್ಕೆ ವಕೀಲಿ ಮಾಡುವುದನ್ನೇ ವಿಮರ್ಶೆ ಎಂದುಕೊಂಡರೆ, ತಪ್ಪೆಣಿಸಿದ ಮೇಷ್ಟರಿಗೂ ನಮಗೂ ಓದದೆ ಬಿಟ್ಟ ವಿಷಯದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ.

7

ಇದೆಲ್ಲ ಹಳೆಯ ಕತೆಯಾಗಿ ಮುಗಿದಿಲ್ಲ. ಪೆರುವಿನಲ್ಲಿ ಓದುಬರಹ ಬಾರದವರಿಗೆ ಮತದಾನದ ಹಕ್ಕು ಖಚಿತವಾದದ್ದು 1979ರ ಸಂವಿಧಾನದಿಂದ. ಅಲ್ಲಿಯವರೆಗೆ ಲಕ್ಷಾಂತರ ಕೆಚುವಾ ಜನಕ್ಕೆ ಸ್ಪ್ಯಾನಿಷ್ ಪುಸ್ತಕ ಬಾಗಿಲಿಗೆ ಹಾಕಿದ ಬೀಗವಾಗಿತ್ತು. 1969ರ ಭೂಸುಧಾರಣೆಯ ಕಾಲದಲ್ಲಿ ಸರ್ಕಾರ 'ಇಂಡಿಯೊ' ಎಂಬ ಪದ ತೆಗೆದು 'ರೈತ' ಎಂದು ಕರೆಯಿತು. ಹೆಸರು ಹೋಯಿತು, ತಾತ್ಸಾರ ಹೋಗಲಿಲ್ಲ. 1980ರಿಂದ 2000ದವರೆಗೆ ಶೈನಿಂಗ್ ಪಾತ್ ಬಂಡುಕೋರರು ಮತ್ತು ಸರ್ಕಾರದ ಪಡೆಗಳ ನಡುವೆ ಸಿಕ್ಕಿ ಸತ್ತವರು, ಕಾಣೆಯಾದವರು ಅಂದಾಜು 69,280 ಎಂದು ಸತ್ಯ ಮತ್ತು ಸಾಮರಸ್ಯ ಆಯೋಗ 2003ರಲ್ಲಿ ಹೇಳಿತು. ಆಯೋಗಕ್ಕೆ ವರದಿಯಾದವರಲ್ಲಿ ನೂರಕ್ಕೆ 75 ಜನರ ತಾಯಿನುಡಿ ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆ. ನೂರಕ್ಕೆ 40ಕ್ಕೂ ಹೆಚ್ಚು ಜನ ಅಯಾಕುಚೊ ಸೀಮೆಯವರು. ಅಯಾಕುಚೊ ಎಂದರೆ ಹಳೆಯ ವಾಮಾಂಗಾ, ಗುವಾಮನ್ ಪೋಮ ಛಡಿ ಏಟಿನ ಶಿಕ್ಷೆ ಕೇಳಿದ ನೆಲ. ಅಷ್ಟು ಜನ ಸಾಯುತ್ತಿದ್ದರೂ ರಾಜಧಾನಿ ಲೀಮಾಕ್ಕೆ ಅದರ ಅಳತೆ ತಿಳಿಯಲಿಲ್ಲ.

ಈಗ ನಮ್ಮ ಕೆಲಸದ ಮಾತು. ನಮ್ಮಲ್ಲೂ ಓದದೆ ಉಳಿದ ಕಾಗದಗಳಿವೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ, ಕೈತಪ್ಪಿದ ಮಂಜೂರಾತಿ ಜಮೀನು ಬಿಡಿಸಿಕೊಡಿ ಎಂದು ಎ.ಸಿ. ಕಚೇರಿಗಳಿಗೆ ನಮ್ಮ ಜನ ಕೊಟ್ಟ ಅರ್ಜಿಗಳ ಕಟ್ಟುಗಳಿವೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತಡವಾಗಿ ಬಂದಿರಿ ಎಂದು ಎಷ್ಟೋ ಅರ್ಜಿ ಬಿದ್ದುಹೋದವು. ಕಾಲಮಿತಿ ಇಲ್ಲ ಎಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತರಲು ಹೋರಾಟವೇ ನಡೆಯಬೇಕಾಯಿತು. ಆ ಅರ್ಜಿಗಳಲ್ಲಿ ತಾತನ ಹೆಸರಿದೆ, ಹೊಲದ ಚಕ್ಕುಬಂದಿ ಇದೆ, ಯಾರು ಯಾವಾಗ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂಬ ಕತೆ ಇದೆ. ಬರೆದುಕೊಟ್ಟ ಗುಮಾಸ್ತನ ಸರ್ಕಾರಿ ಕನ್ನಡದ ನಡುನಡುವೆ ಅರ್ಜಿದಾರಳ ಮಾತು ತಲೆ ಎತ್ತುತ್ತದೆ. ಎಪ್ಪತ್ತು ಎಂಬತ್ತರ ದಶಕದ ಕರಪತ್ರಗಳಿವೆ, ಸಂಘದ ಮೀಟಿಂಗಿನ ನೋಟ್‌ಬುಕ್ಕುಗಳಿವೆ. ಇವುಗಳಲ್ಲಿ ಪ್ರಕಾರವಿದೆ, ಶೈಲಿಯಿದೆ, ಅಧಿಕಾರದ ಮುಂದೆ ನಿಂತು ಮಾತಾಡುವ ಉಪಾಯವಿದೆ. ಇಲಿ ಬೆಕ್ಕುಗಳೂ ಇವೆ. ಕವಿತೆ ಕಾದಂಬರಿಗಳನ್ನಷ್ಟೇ ಪಠ್ಯವೆಂದು ಹಿಡಿದಿರುವ ನಮ್ಮ ವಿಮರ್ಶೆ ಈ ಕಟ್ಟುಗಳನ್ನು ಬಿಚ್ಚಬೇಕು. ವಿದ್ಯಾರ್ಥಿ ಗೆಳೆಯರು ತಮ್ಮ ತಮ್ಮ ತಾಲ್ಲೂಕಿನಿಂದ ಒಂದೊಂದು ಅರ್ಜಿಯ ನಕಲು ತೆಗೆಸಿ, ಕೊಟ್ಟವರ ಮನೆಗೆ ಹೋಗಿ, ಅವರಿಗೇ ಓದಿ ಹೇಳಿ, ಅವರು ಏನಂತಾರೆ ಎಂಬುದನ್ನು ಬರೆದುಕೊಂಡು ಬರಲಿ. ಆ ಅರ್ಜಿ ಕೊಟ್ಟವರಲ್ಲಿ ಈಗಾಗಲೇ ಬಹಳ ಜನ ಇಲ್ಲ.